ಆ ಮಾತು ಮೊದಲು ಹೇಳಿದವರು

ಸೋಫಾದವರು ಸುಳ್ಳು ಹೇಳುವವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆ ಮುಂದುವರಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಮೇಜು, ಕುರ್ಚಿ, ಮಂಚಗಳ ದೊಡ್ಡ ಅಂಗಡಿಯೊಂದರಲ್ಲಿ ಅವರು ತಲೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಸೋಫಾ ಮಾರಿದ್ದರು. ಹಾಗಾಗಿ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ಸೋಫಾದವರು ಎಂದೇ ಕರೆಯುತ್ತಿದ್ದೆವು. ಕರೆಯುತ್ತಿದ್ದೆವು ಎಂದರೆ, ಕರೆಯುವ ಪ್ರಸಂಗ ಬಂದಾಗ. ಅಂಥ ಪ್ರಸಂಗ ಹೆಚ್ಚು ಬರುತ್ತಿರಲಿಲ್ಲ. ಆ ಅಂಗಡಿಯಲ್ಲಿ ಒಂದು ನಿಯಮವಿತ್ತು: ಕೆಲಸದವರು ಯಾರೂ ಮಾರುವ ಸಾಮಾನಿನ ಮೇಲೆ ಕೂರಕೂಡದು. ಸುತ್ತಮುತ್ತ ಎಲ್ಲಿ ನೋಡಿದರೂ ಸೋಫಾ, ನಡುವೆ ದಿನವಿಡೀ ನಿಂತೇ ಇರುವ ಒಬ್ಬ ಮನುಷ್ಯ. ಹೊಳೆಯಲ್ಲಿ ನಿಂತು ಬಾಯಾರಿದ ಹಾಗೆ.

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಎರಡನೆಯದು ಯಾರಿಗೆ? ಮದುವೆಯ ಮಾತು ಬಂದಾಗಲೆಲ್ಲ "ನೋಡೋಣ" ಎಂದಿದ್ದರು. ನೋಡುತ್ತಾ ನೋಡುತ್ತಾ ಮಾತು ಬರುವುದೇ ನಿಂತುಹೋಯಿತು. ಸಂಜೆ ಬಂದು ಟಿವಿ ಹಾಕುತ್ತಿದ್ದರು. ವಾರ್ತೆ ಓದುವ ಹುಡುಗಿ "ನಮಸ್ಕಾರ" ಎಂದಾಗ ಇವರೂ ಕೈ ಎತ್ತಿ "ನಮಸ್ಕಾರಮ್ಮ" ಎನ್ನುತ್ತಿದ್ದರು. ಅವಳು ಉತ್ತರಕ್ಕೆ ಕಾಯದೆ ಯಾವುದೋ ಪ್ರವಾಹದ ಸುದ್ದಿಗೆ ಹೊರಟುಹೋಗುತ್ತಿದ್ದಳು. ಅದು ಅವಳ ಕೆಲಸ. ಆದರೆ ನಮಸ್ಕಾರ ಮಾಡಿದವರಿಗೆ ತಿರುಗಿ ಮಾಡದಿರುವುದು ಹೇಗೆ?

ಆ ದಿನಗಳಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಒಂದು ಹಳೇ ಲಾಡ್ಜು, ಅದಕ್ಕೊಬ್ಬ ಮ್ಯಾನೇಜರು. ಪ್ರತಿ ಕಂತಿನಲ್ಲೂ ಲಾಡ್ಜಿಗೆ ಏನಾದರೂ ಕೇಡು ಕಾದಿರುತ್ತಿತ್ತು. ಸೂರು ಸೋರುವುದು, ಅತಿಥಿ ಮಾಯವಾಗುವುದು, ಅಡುಗೆಯವನಿಗೆ ವೈರಾಗ್ಯ ಬರುವುದು, ಹೀಗೆ. ಎಲ್ಲರೂ ಬಾಯಿ ಬಡಿದುಕೊಂಡು ಮ್ಯಾನೇಜರ ಮುಂದೆ ಬಂದು ನಿಂತಾಗ ಆತ ತಣ್ಣಗೆ ಹೇಳುತ್ತಿದ್ದ: "ನಿಂತ್ಕೊಂಡು ಗಾಬರಿ ಆಗ್ಬೇಡಿ, ಕೂತ್ಕೊಂಡು ಆಗಿ!"

ಅಷ್ಟೇ. ಬರೆದರೆ ನಗು ಬರುವುದಿಲ್ಲ, ನನಗೂ ಗೊತ್ತು. ಆದರೆ ಆ ಮಾತು ಊರನ್ನು ನೆಗಡಿಯ ಹಾಗೆ ಹಿಡಿದುಕೊಂಡಿತು. ಡಾಕ್ಟರು ರೋಗಿಗೆ ಹೇಳಿದರು, ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಹೇಳಿದರು, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಕಂಡಕ್ಟರು ಹೇಳಿ ಬೈಸಿಕೊಂಡ. ಮದುವೆಯ ಬೆಳಿಗ್ಗೆ ಬೆವರುತ್ತಿದ್ದ ವರನೊಬ್ಬನಿಗೆ ಸ್ವತಃ ಮಾವನೇ ಹೇಳಿದರಂತೆ.

ಹೀಗಿರುವಾಗ ಒಂದು ಸಂಜೆ ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವರು ನಾಲ್ವರು: ನಿವಾಸಿಗಳ ಸಂಘದ ಕಾರ್ಯದರ್ಶಿ, ಸೋಫಾದವರ ಎದುರು ಮನೆಯ ನಿವೃತ್ತ ಹೆಡ್‌ಮಿಸ್ಸು, ಸೋಫಾದವರು, ಮತ್ತು ಮೂಲೆಯಲ್ಲಿ ತರಕಾರಿ ಚೀಲ ಹಿಡಿದ ನಾನು.

ಕಾರ್ಯದರ್ಶಿ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದರು. "ಅಯ್ಯೋ, ಉಸಿರು ಕಟ್ತಾ ಇದೆ! ಯಾರಾದ್ರೂ ಕೂಗಿ! ಬಾಗ್ಲು ಒಡೀರಿ!"

"ರೀ ಕಾರ್ಯದರ್ಶಿಗಳೇ," ಎಂದರು ಹೆಡ್‌ಮಿಸ್ಸು, ಮಕ್ಕಳ ಸಾಲು ನೇರ ಮಾಡುವ ದನಿಯಲ್ಲಿ. "ನಿಂತ್ಕೊಂಡು ಗಾಬರಿ ಆಗ್ಬೇಡಿ, ಕೂತ್ಕೊಂಡು ಆಗಿ!"

ಎಲ್ಲರೂ ನಕ್ಕೆವು. ನಗು ಮುಗಿಯಿತು. ಲಿಫ್ಟು ಮಾತ್ರ ಕದಲಲಿಲ್ಲ. ಇನ್ನೇನು ಮಾತಾಡುವುದೆಂದು ಯಾರಿಗೂ ತೋಚದ ಆ ಮೌನದಲ್ಲಿ ಸೋಫಾದವರು ಗಂಟಲು ಸರಿಮಾಡಿಕೊಂಡರು.

"ಆ ಮಾತು... ಮೊದ್ಲು ನಾನೇ ಹೇಳಿದ್ದು ಅನ್ಸುತ್ತೆ."

ಮೂರು ತಲೆಗಳು ಅವರ ಕಡೆ ತಿರುಗಿದವು. ಅಷ್ಟು ಹತ್ತಿರದಿಂದ ಅಷ್ಟು ಮುಖಗಳು ಅವರನ್ನು ಹಿಂದೆಂದೂ ನೋಡಿರಲಿಲ್ಲವೆಂದು ಕಾಣುತ್ತದೆ, ಅವರು ಕೆಂಪಗಾದರು.

"ಅಂದ್ರೆ, ನಮ್ಮ ಅಂಗಡೀಲಿ. ಬಂದ ಗಿರಾಕಿಗೆಲ್ಲ ನಾನು ಹೇಳ್ತೀನಿ, 'ನಿಂತ್ಕೊಂಡು ರೇಟ್ ಕೇಳ್ಬೇಡಿ, ಕೂತ್ಕೊಂಡು ಕೇಳಿ' ಅಂತ. ಕೂತವರು ಅರ್ಧ ಕೊಂಡ ಹಾಗೆ, ಅದಕ್ಕೆ. ಒಂದಿನ ಒಬ್ಬರು ಬಂದು ರೇಟ್ ಕೇಳಿ ತುಂಬಾ ಗಾಬರಿ ಆದ್ರು. ಆಗ ನಾನು... ಹೀಗೇ ಏನೋ ಹೇಳಿದೆ. ಅವರು ನಕ್ಕು ಹೋದ್ರು."

"ಗಡ್ಡ ಇತ್ತಾ?" ಎಂದರು ಕಾರ್ಯದರ್ಶಿ. ಅವರ ಉಸಿರು ಈಗ ಸಲೀಸಾಗಿತ್ತು.

"ಇತ್ತು ಅನ್ಸುತ್ತೆ."

"ಮುಗೀತಲ್ಲ! ಧಾರಾವಾಹಿ ಬರೆಯೋರೇ ಅದು. ಬರೆಯೋರಿಗೆ ಗಡ್ಡ ಇದ್ದೇ ಇರುತ್ತೆ!"

ಲಿಫ್ಟು ಕೆಳಗಿಳಿಯುವ ಹೊತ್ತಿಗೆ ಈ ವಿಷಯದಲ್ಲಿ ಯಾರಿಗೂ ಸಂದೇಹ ಉಳಿದಿರಲಿಲ್ಲ, ಸೋಫಾದವರೊಬ್ಬರನ್ನು ಬಿಟ್ಟು.

ಮರುದಿನ ಸಂಜೆ ಅವರ ಬಾಗಿಲು ಬಡಿದ ಸದ್ದಾಯಿತು. ಅವರು ಮೊದಲು ಟಿವಿಯ ಸದ್ದು ಕಡಿಮೆ ಮಾಡಿದರಂತೆ, ಬಡಿತ ಅದರೊಳಗಿನದೆಂದು ತಿಳಿದು. ತೆರೆದರೆ ಕಾರ್ಯದರ್ಶಿ, ಅವರ ಹೆಂಡತಿ, ಹೆಂಡತಿಯ ತಮ್ಮ. "ಇವನು ನಂಬ್ತಿಲ್ಲ. ನೀವೇ ಹೇಳಿ." ಅದರ ಮರುದಿನ ಮೇಲಿನ ಮಹಡಿಯವರು. ಕುರ್ಚಿ ಒಂದೇ ಇದೆಯೆಂದು ತಿಳಿದ ಮೇಲೆ ಬರುವವರು ತಮ್ಮ ತಮ್ಮ ಕುರ್ಚಿ ಹೊತ್ತು ಬರತೊಡಗಿದರು. ಸಂಜೆಯಾದರೆ ಮೆಟ್ಟಿಲ ಮೇಲೆ ಕುರ್ಚಿಗಳ ಮೆರವಣಿಗೆ. ನಾನೂ ಹೋಗುತ್ತಿದ್ದೆ. ಹೋಗದಿದ್ದರೆ ಏನೋ ತಪ್ಪಿಹೋಯಿತು ಎನ್ನಿಸುತ್ತಿತ್ತು.

ಸೋಫಾದವರಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ಆದರೆ ಕೇಳುವವರಿಗೆ ಕೇಳಲು ಚೆನ್ನಾಗಿ ಬರುತ್ತಿತ್ತು. "ಅವರು ಆಗ ಏನು ಮಾಡಿದ್ರು? ಜೇಬಿಂದ ಪೆನ್ನು ತೆಗೆದ್ರಾ?" "ತೆಗೆದಿರಬಹುದು." ಮರುದಿನದ ಕಥೆಯಲ್ಲಿ ಪೆನ್ನು ಬಂತು. "ನಿಮ್ಮ ಕೈ ಹಿಡ್ಕೊಂಡು ಏನಾದ್ರೂ ಅಂದ್ರಾ?" ಅದರ ಮರುದಿನ ಕೈಯೂ ಬಂತು. ಗಡ್ಡವಂತೂ ಮಳೆಗಾಲದ ಹುಲ್ಲಿನಂತೆ ಬೆಳೆಯಿತು.

ಹೆಡ್‌ಮಿಸ್ಸು ಮಾತ್ರ ಪ್ರತಿ ಸಂಜೆ ಮೊದಲು ಬಂದು ಕೊನೆಗೆ ಎದ್ದು ಹೋಗುತ್ತಿದ್ದರು. ಕಥೆಯ ನಡುವೆ ತಿದ್ದುತ್ತಿದ್ದರು. "ನಿನ್ನೆ ಗಡ್ಡ ಕುತ್ತಿಗೇವರೆಗಿತ್ತು. ಇವತ್ತು ಎದೆಗೆ ಬಂದಿದೆ."

"ಹೌದಾ ಮೇಡಂ? ಹಾಗಾದ್ರೆ ಕುತ್ತಿಗೇನೇ ಇರಲಿ."

"ನಿಮಗೆ ಹೇಗೆ ಅನುಕೂಲವೋ ಹಾಗೆ," ಎನ್ನುತ್ತಿದ್ದರು ಹೆಡ್‌ಮಿಸ್ಸು.

ಸುದ್ದಿ ಅಂಗಡಿಯ ಮಾಲೀಕರ ಕಿವಿಗೆ ಬಿದ್ದಿತು. ಅವರು ವ್ಯಾಪಾರಸ್ಥರು, ಸತ್ಯಾಸತ್ಯದ ಗೊಡವೆಗೆ ಹೋಗಲಿಲ್ಲ. ಮುಂದಿನ ಗಾಜಿನ ಕಿಟಕಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸೋಫಾ ಹಾಕಿಸಿ, "ಇವತ್ತಿಂದ ನೀವು ನಿಲ್ಲೋ ಹಾಗಿಲ್ಲ. ಇಲ್ಲಿ ಕೂತ್ಕೊಂಡೇ ಇರಬೇಕು," ಎಂದರು.

"ಸಾರ್, ನಿಯಮ..."

"ನಿಯಮ ಮಾಡಿದ್ದು ಯಾರು? ನಾನೇ ತಾನೆ? ಕೂತ್ಕೊಳ್ಳಿ. ಸ್ವಲ್ಪ ಗಾಬರಿ ಆದವರ ಹಾಗೆ ಮುಖ ಮಾಡಿ."

ಅದಕ್ಕೆ ಅಭಿನಯ ಬೇಕಾಗಲಿಲ್ಲ. ಇಷ್ಟು ವರ್ಷ ನಿಂತ ಕಾಲುಗಳು ಕೂತು ಕೂತು ಜೋಮು ಹಿಡಿದವು. ಬೀದಿಯಲ್ಲಿ ಹೋಗುವವರು ಗಾಜಿಗೆ ಮೂಗು ಒತ್ತಿ ನೋಡಿದರು, ಫೋಟೋ ತೆಗೆದುಕೊಂಡರು. ಗಾಜಿನ ಆಚೆಯಿಂದ ಅವರು ಏನು ಹೇಳುತ್ತಿದ್ದರೋ ಕೇಳಿಸುತ್ತಿರಲಿಲ್ಲ. ಸೋಫಾದವರು ಎಲ್ಲದಕ್ಕೂ ಕೈ ಮುಗಿಯುತ್ತಿದ್ದರು.

ಆಮೇಲೆ ತೆರಿಗೆ ಕಚೇರಿಯ ದೊಡ್ಡ ಸಾಹೇಬರು ಹೇಳಿಕಳುಹಿಸಿದರು. ಅವರ ಕಚೇರಿಯಲ್ಲಿ ಜನ ಸಾಲಿನಲ್ಲಿ ನಿಂತು ನಿಂತು ಜಗಳವಾಡುತ್ತಾರೆಂದು ಗೋಡೆಯುದ್ದಕ್ಕೂ ಬೆಂಚು ಹಾಕಿಸಿದ್ದರು. ಅದನ್ನು ಉದ್ಘಾಟಿಸಲು ಸೋಫಾದವರಿಗಿಂತ ಯೋಗ್ಯರು ಯಾರು? ಗೋಡೆಯ ಮೇಲೆ ಆ ಮಾತನ್ನೇ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು. ಸೋಫಾದವರು ರಿಬ್ಬನ್ ಕತ್ತರಿಸಿ ಕೂತು ತೋರಿಸಿದರು. ಸಾಹೇಬರು ಭಾಷಣದಲ್ಲಿ, "ತೆರಿಗೆ ಕಟ್ಟಲು ಬರುವ ಪ್ರತಿಯೊಬ್ಬ ಪ್ರಜೆಯೂ ಇನ್ನು ಮುಂದೆ ನೆಮ್ಮದಿಯಾಗಿ ಗಾಬರಿಯಾಗಬಹುದು," ಎಂದರು. ಇದನ್ನು ಅವರು ಗಂಭೀರವಾಗಿಯೇ ಹೇಳಿದ್ದೆಂದು ಅಲ್ಲಿದ್ದವರ ಅಭಿಪ್ರಾಯ.

ಇಷ್ಟಾದ ಮೇಲೆ ಅಕ್ಕ ಬಾರದಿರುತ್ತಾರೆಯೇ? ಸೋಫಾದವರ ಅಕ್ಕ ಅದೇ ಊರಿನ ಇನ್ನೊಂದು ಮೂಲೆಯಲ್ಲಿದ್ದರು, ಆದರೆ ಕಾಲುನೋವಿನ ಕಾರಣ ಕೆಲವು ವರ್ಷಗಳಿಂದ ಬಂದಿರಲಿಲ್ಲ. ಕಾಲುನೋವು ಇದ್ದಕ್ಕಿದ್ದಂತೆ ವಾಸಿಯಾಗಿ, ಭಾವನೊಂದಿಗೆ ಮೆಟ್ಟಿಲು ಹತ್ತಿ ಬಂದರು.

"ಎಷ್ಟು ಇಳಿದುಹೋಗಿದೀಯೋ," ಎಂದರು ಅಕ್ಕ, ತಮ್ಮನ ಕೆನ್ನೆ ಸವರಿ. "ಒಂದು ಫೋನ್ ಮಾಡಬಾರದಾ?"

"ಮಾಡಿದ್ದೆ ಅಕ್ಕ. ನೀನು 'ಆಮೇಲೆ ಮಾಡ್ತೀನಿ' ಅಂದಿದ್ದೆ."

"ಮಾಡ್ತಿದ್ದೆ ಕಣೋ, ಅಷ್ಟರಲ್ಲಿ ನಾವೇ ಬಂದ್ವಲ್ಲ!"

ಭಾವ ಬಳಸು ದಾರಿಯ ಮನುಷ್ಯರಲ್ಲ. "ನೋಡಿ ಭಾವಮೈದ, ನಮ್ಮ ಮಗಳಿಗೆ ನಟನೆ ಅಂದ್ರೆ ಪ್ರಾಣ. ಕನ್ನಡಿ ಮುಂದೆ ನಿಂತ್ರೆ ಗಂಟೆಗಟ್ಲೆ ಅಳ್ತಾಳೆ. ಆ ಗಡ್ಡದವರಿಗೆ ನೀವು ಒಂದು ಮಾತು ಹೇಳಿದ್ರೆ..."

"ಭಾವ, ಅವರು ಯಾರು ಅಂತಾನೇ ನನಗೆ..."

"ಒಂದು ಮಾತು ಕೊಟ್ಟಿದೀರಿ ಅವರಿಗೆ. ಇನ್ನೊಂದು ಕೊಡೋಕೆ ಏನು ಕಷ್ಟ?"

ಕಷ್ಟವನ್ನು ಬಗೆಹರಿಸಿದವರು ಕಾರ್ಯದರ್ಶಿ. ಟಿವಿಯಲ್ಲಿ ವಾರಕ್ಕೊಮ್ಮೆ ಒಂದು ಕಾರ್ಯಕ್ರಮ ಬರುತ್ತಿತ್ತು. ಧಾರಾವಾಹಿ, ಜಾಹೀರಾತುಗಳಿಂದ ಜನರ ಬಾಯಿಗೆ ಬಂದ ಮಾತುಗಳನ್ನು ಒಂದೊಂದಾಗಿ ಹಿಡಿದು, ಇದು ಹುಟ್ಟಿದ್ದೆಲ್ಲಿ, ಮೊದಲು ಹೇಳಿದವರು ಯಾರು ಎಂದು ಪತ್ತೆ ಮಾಡುವುದು ಅದರ ಕೆಲಸ. ಕಾರ್ಯದರ್ಶಿ ಯಾರನ್ನೂ ಕೇಳದೆ ಚಾನೆಲ್ಲಿಗೆ ಫೋನು ಮಾಡಿದರು. ಚಾನೆಲ್ಲಿನವರು, "ಕಳಿಸಿಕೊಡಿ," ಎಂದರು. ಸಾಮಾನು ಕಳಿಸುವ ಹಾಗೆ.

ಸೋಫಾದವರು ಆ ವಾರ ಊಟ ಸರಿಯಾಗಿ ಮಾಡಲಿಲ್ಲ. ನನ್ನನ್ನು ಮೆಟ್ಟಿಲ ಬಳಿ ತಡೆದು, "ಒಂದು ವೇಳೆ ಅವರಿಗೆ ಗಡ್ಡ ಇಲ್ದೇ ಇದ್ರೆ?" ಎಂದರು.

"ಬೋಳಿಸಿರ್ತಾರೆ ಬಿಡಿ," ಎಂದೆ. ಸಮಾಧಾನಕ್ಕೆ ಹೇಳಿದ್ದು. ಅವರು ಸಮಾಧಾನವಾಗದೆ ನನ್ನ ಮುಖವನ್ನೇ ನೋಡಿದರು.

"ಈ ಕಥೆ ಇಲ್ಲ ಅಂತಾದ್ರೆ, ನೀವೆಲ್ಲ ಸಾಯಂಕಾಲ..." ಎಂದು ಏನೋ ಕೇಳಹೊರಟು, "ಇರ್ಲಿ, ನಿಮಗೆ ಹೊತ್ತಾಯ್ತು," ಎಂದು ಒಳಗೆ ಹೋದರು.

ಸ್ಟುಡಿಯೋದಲ್ಲಿ ನಡೆದದ್ದನ್ನು ನಾನು ಕಂಡವನಲ್ಲ. ಕಾರ್ಯದರ್ಶಿ ಜೊತೆಗೆ ಹೋಗಿದ್ದರು, ಆದರೆ ಅವರನ್ನು ಗೇಟಿನ ಕಾವಲಿನವನು ಒಳಗೆ ಬಿಡದೆ, ಆ ಮಾತನ್ನೇ ಹೇಳಿ ಒಂದು ಸ್ಟೂಲು ಕೊಟ್ಟನಂತೆ. ಹಾಗಾಗಿ ಮುಂದಿನದು ಸೋಫಾದವರೇ ಬಹಳ ದಿನಗಳಾದ ಮೇಲೆ ನನಗೆ ಹೇಳಿದ್ದು.

ಒಳಗೆ ಉದ್ದನೆಯ ಒಂದು ಕಾರಿಡಾರು. ಕೂರಲು ಏನೂ ಇಲ್ಲ. ಅಲ್ಲಿ ಇನ್ನಿಬ್ಬರು ಗೋಡೆಗೊರಗಿ ನಿಂತಿದ್ದರು. ಒಬ್ಬರು ಹಲ್ಲಿನ ಡಾಕ್ಟರ ಕಾಂಪೌಂಡರು, ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರು.

"ನೀವು ಯಾವ ವಿಷಯಕ್ಕೆ?" ಎಂದು ಸೋಫಾದವರು ಕೇಳಿದರು.

"ಆ ಮಾತು ನಂದು," ಎಂದರು ಕಾಂಪೌಂಡರು. "ಹಲ್ಲು ಕೀಳಿಸೋಕೆ ಬಂದವರು ಬಾಗಿಲಲ್ಲೇ ನಿಂತು ನಡುಗ್ತಾರೆ. ಒಂದು ಸಲ ಒಬ್ಬರಿಗೆ ಹೇಳಿದೆ. ಗಡ್ಡ ಇತ್ತು."

"ಸುಮ್ನಿರ್ರೀ," ಎಂದರು ಕಂಡಕ್ಟರು. "ಬ್ರೇಕ್ ಫೇಲಾದ ಬಸ್ಸಲ್ಲಿ ನಾನು ಹೇಳಿದ್ದು. ಕೊನೇ ಸೀಟಲ್ಲಿದ್ದ. ಉದ್ದ ಗಡ್ಡ."

ಸೋಫಾದವರೂ ಅವರ ಪಕ್ಕ ಗೋಡೆಗೊರಗಿದರು.

"ಮನೇಲಿ ಎಲ್ಲ ಕಾಯ್ತಿದಾರಾ?" ಎಂದು ಸೋಫಾದವರೇ ಕೇಳಿದರು.

"ನಮ್ಮ ಬೀದಿ ಪೂರ್ತಿ ಕಾಯ್ತಿದೆ," ಎಂದರು ಕಂಡಕ್ಟರು. ಆಮೇಲೆ ದನಿ ತಗ್ಗಿಸಿ, "ಮುಂಚೆ ಯಾರೂ ಮಾತಾಡಿಸ್ತಿರಲಿಲ್ಲ ನೋಡಿ. ರಿಟೈರಾದ ಮೇಲೆ ದಿನಕ್ಕೊಂದು ಸಲ ಸುಮ್ನೆ ಬಸ್ ಹತ್ತಿ ಇಳೀತಿದ್ದೆ," ಎಂದರು. ಕಾಂಪೌಂಡರು ತಮ್ಮ ಚಪ್ಪಲಿಯನ್ನು ಪರೀಕ್ಷಿಸತೊಡಗಿದರು.

ಅಷ್ಟರಲ್ಲಿ ಕಾಗದಗಳ ಕಟ್ಟು ಹಿಡಿದ ಒಬ್ಬ ಗಿಡ್ಡ ಮನುಷ್ಯ ಗಂಟಲ ಮಾತ್ರೆ ಚೀಪುತ್ತಾ ಬಂದ. ಪ್ರಾಂಪ್ಟರು. ಧಾರಾವಾಹಿಯ ನಟರಿಗೆ ಮಾತು ಬಾಯಿಪಾಠ ಮಾಡಲು ಪುರಸೊತ್ತಿರುವುದಿಲ್ಲ. ಈತ ಕ್ಯಾಮೆರಾದ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿಕೊಡಬೇಕು, ಅವರು ಜೋರಾಗಿ ಒಪ್ಪಿಸಬೇಕು.

"ಕೊನೇಲಿ ನೀವೆಲ್ಲ ಹೇಳ್ಬೇಕಾದ್ದು ಒಂದೇ ಮಾತು," ಎಂದ ಆತ. "'ಅದು ನನ್ನದೇ ಮಾತು!' ಅಂತ. ಮರೆತ್ರೆ ನಾನು ಕೆಳಗಿಂದ ಹೇಳ್ಕೊಡ್ತೀನಿ."

"ಮೂವರೂನಾ?" ಎಂದರು ಸೋಫಾದವರು.

"ಮೂವರೂ. ಆಮೇಲೆ ಯಾರದು ಚೆನ್ನಾಗಿ ಬಂತೋ ಅವರದು."

ಉಳಿದಿಬ್ಬರೂ ಬಣ್ಣ ಹಚ್ಚಿಸಿಕೊಳ್ಳಲು ಹೋದರು. ಸೋಫಾದವರು ಪ್ರಾಂಪ್ಟರನ್ನು ಹಿಡಿದುಕೊಂಡರು. "ಅಲ್ಲ ಸಾರ್, ನೀವು ಆ ಧಾರಾವಾಹೀಲೂ ಇದ್ರಾ? ಅದನ್ನ ಬರೆಯೋರಿಗೆ ಗಡ್ಡ ಇದೆಯಾ?"

"ಬರೆಯೋರು ಹೆಂಗಸು," ಎಂದ ಪ್ರಾಂಪ್ಟರು.

ಸೋಫಾದವರು ಗೋಡೆ ಹಿಡಿದುಕೊಂಡರು.

"ಮತ್ತೆ ಆ ಮಾತು?"

"ಅದು ಬರೆದ ಮಾತೇ ಅಲ್ಲ. ಮೊದಲನೇ ಕಂತು. ಲಾಡ್ಜಿಗೆ ಬೆಂಕಿ ಬಿದ್ದಿರುತ್ತೆ, ಮ್ಯಾನೇಜರು ಗಾಬರಿಯಾಗಿ ಕುರ್ಚಿಯಿಂದ ಏಳಬೇಕು. ಆ ನಟ ತಾಳೆಮರ. ಎದ್ದರೆ ತಲೆ ಕ್ಯಾಮೆರಾದಿಂದ ಆಚೆ. ಐದಾರು ಸಲ ಹಾಗೇ ಆಯ್ತು. ನಾನು ಕೆಳಗಿಂದ ಮೆಲ್ಲಗೆ, 'ನಿಂತ್ಕೊಂಡು ಗಾಬರಿ ಆಗ್ಬೇಡಿ, ಕೂತ್ಕೊಂಡು ಆಗಿ' ಅಂದೆ. ಅವನಿಗೆ ಅಂದಿದ್ದು ರೀ, ಡೈಲಾಗಲ್ಲ. ಅವನು ಕೆಳಗಿಂದ ಬಂದದ್ದನ್ನೆಲ್ಲ ಒಪ್ಪಿಸೋ ಮನುಷ್ಯ. ಹಾಗೇ ಎದುರಿಗಿದ್ದವರ ಕಡೆ ತಿರುಗಿ ಜೋರಾಗಿ ಹೇಳಿಬಿಟ್ಟ. ಡೈರೆಕ್ಟರು ಬಿದ್ದು ಬಿದ್ದು ನಕ್ಕರು. ಇಟ್ಕೊಂಡ್ರು."

"ಹಾಗಾದ್ರೆ ಅದು ನಿಮ್ಮ ಮಾತು!"

"ಮೆತ್ತಗೆ ರೀ!" ಪ್ರಾಂಪ್ಟರು ಹಿಂದೆ ಮುಂದೆ ನೋಡಿದ. "ಡೈರೆಕ್ಟರು ಅದು ತಮ್ಮ ಕನಸಲ್ಲಿ ಬಂತು ಅಂತಿದಾರೆ. ನಟ ಅವನ ಅಜ್ಜಿ ಹೇಳ್ತಿದ್ರು ಅಂತಾನೆ. ಬರೆಯೋ ಅಮ್ಮ ಸುಮ್ನೆ ನಗ್ತಾರೆ. ಈಗ ನೀವು ಮೂರು ಜನ. ದಿನಾ ಸಾವಿರ ಮಾತು ಹೇಳ್ಕೊಡ್ತೀನಿ, ಒಂದು ಹೋದ್ರೆ ಹೋಗ್ಲಿ. ನನ್ನ ಹೆಸರು ಎತ್ತಬೇಡಿ ಅಷ್ಟೆ, ನನಗೆ ಈ ಕೆಲಸ ಬೇಕು."

ಸೋಫಾದವರು ಮಾತು ಕೊಟ್ಟರು.

ದೀಪಗಳ ಕೆಳಗೆ ಕಾಂಪೌಂಡರು ತಮ್ಮ ಕಥೆ ಹೇಳಿ, "ಅದು ನನ್ನದೇ ಮಾತು!" ಎಂದು ಮೇಜು ಗುದ್ದಿದರು. ಕಂಡಕ್ಟರು ಅದಕ್ಕಿಂತ ಜೋರಾಗಿ ಎದೆ ಗುದ್ದಿಕೊಂಡರು. ನಿರೂಪಕಿ ಸೋಫಾದವರ ಕಡೆ ತಿರುಗಿ ಸಕ್ಕರೆಯಂತೆ ನಕ್ಕಳು. "ಹೇಳಿ ಸಾರ್. ಆ ಮಾತು ಯಾರದು?"

ಸೋಫಾದವರು ಬಾಯಿ ತೆರೆದರು. ಕ್ಯಾಮೆರಾದ ಕಾಲ ಬಳಿ ಪ್ರಾಂಪ್ಟರು ಕೂತಿದ್ದ. ಇವರಿಗೆ ಮರೆತುಹೋಗಿದೆ ಎಂದುಕೊಂಡು, ಮೆಲ್ಲಗೆ ಹೇಳಿಕೊಟ್ಟ: "ಅದು ನನ್ನದೇ ಮಾತು."

ಸೋಫಾದವರು ಅವನನ್ನೇ ನೋಡಿದರು.

"ಅದು ನನ್ನದೇ ಮಾತು," ಎಂದ ಪ್ರಾಂಪ್ಟರು ಮತ್ತೆ, ಸ್ವಲ್ಪ ಬಿಡಿಸಿ ಬಿಡಿಸಿ.

"ಹೌದು," ಎಂದರು ಸೋಫಾದವರು, ಅವನಿಗೆ.

ಪ್ರಾಂಪ್ಟರು ಹಣೆ ಚಚ್ಚಿಕೊಂಡ. "ಹೌದು ಅಲ್ಲ ರೀ! ನನ್ನ! ದೇ! ಮಾತು!"

"ನಂದಲ್ಲ," ಎಂದರು ಸೋಫಾದವರು ಕ್ಯಾಮೆರಾಕ್ಕೆ. "ನಾನು ಅಂಗಡೀಲಿ ಹೇಳ್ತಿದ್ದದ್ದು ರೇಟಿನ ಮಾತು. ಇದು ನಂದಲ್ಲಮ್ಮ. ತಪ್ಪಾಯ್ತು."

"ಕಟ್!" ಎಂದು ಯಾರೋ ಕತ್ತಲೆಯಿಂದ ಕೂಗಿದರು.

ವಾಪಸು ಬರುವ ದಾರಿಯುದ್ದಕ್ಕೂ ಸೋಫಾದವರು ಕಾರ್ಯದರ್ಶಿಗೆ ಏನೂ ಹೇಳಲಿಲ್ಲ. ಎಲ್ಲರ ಮುಂದೆ ಒಂದೇ ಸಲ ಹೇಳಿಬಿಡುವುದೆಂದು ನಿಶ್ಚಯಿಸಿದ್ದರಂತೆ. ಆದರೆ ನಾವೆಲ್ಲ ಮೆಟ್ಟಿಲ ಮೇಲೆ ಕಾದಿದ್ದೆವು. ಅಕ್ಕ ಬಟ್ಟೆಯ ಚೀಲ ತಂದು, ಕಾರ್ಯಕ್ರಮ ಪ್ರಸಾರವಾಗುವವರೆಗೆ ಇಲ್ಲೇ ಇರುತ್ತೇನೆಂದು ಹಾಸಿಗೆ ಬಿಡಿಸಿಯಾಗಿತ್ತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಆ ಮನೆಯಿಂದ ಅಂಥ ವಾಸನೆ ನಾವು ಮೂಸಿದ್ದೇ ಇಲ್ಲ.

"ಹೇಗಾಯ್ತೋ?" ಎಂದರು ಅಕ್ಕ.

ಸೋಫಾದವರು ಎಲ್ಲರ ಮುಖ ನೋಡಿದರು. "ಆಯ್ತು," ಎಂದರು.

ಈ ಒಂದು ಪದವನ್ನು ಸುಳ್ಳು ಎನ್ನಬಹುದೇ? ನಾನು ಬಹಳ ಯೋಚಿಸಿದ್ದೇನೆ. ಆಗಿತ್ತಲ್ಲ, ಒಂದು ರೀತಿಯಲ್ಲಿ.

ಆ ವಾರದಂಥ ವಾರ ಅವರ ಜೀವನದಲ್ಲಿ ಬಂದಿರಲಿಕ್ಕಿಲ್ಲ. ದಿನಾ ಸಂಜೆ ಮನೆ ತುಂಬ ಜನ. ಅಕ್ಕ ಎಲ್ಲರಿಗೂ ಟೀ ಕೊಟ್ಟು ಬಾಲ್ಯದಲ್ಲೇ ತಮ್ಮ ಎಂಥ ಚೂಟಿಯಾಗಿದ್ದನೆಂದು ಹೇಳುತ್ತಿದ್ದರು. ಭಾವ ಗಡ್ಡದವರ ವಿಳಾಸ ಕೇಳುತ್ತಿದ್ದರು. ಸೋಫಾದವರು ಮಾತ್ರ ಯಾರಾದರೂ ಹೊರಡಲು ಎದ್ದರೆ, "ಇಷ್ಟು ಬೇಗನಾ? ಇನ್ನೂ ಸ್ವಲ್ಪ ಹೊತ್ತು..." ಎಂದು ಬಾಗಿಲವರೆಗೆ ಬರುತ್ತಿದ್ದರು. ಒಮ್ಮೆ ನನ್ನನ್ನು ಕೇಳಿದರು: "ಟಿವಿಯವರು ಕೆಲವು ಸಲ ಹಾಕೋದು ಮರೆತೇ ಬಿಡ್ತಾರೆ, ಅಲ್ವಾ?"

ಮರೆಯಲಿಲ್ಲ. ಆ ಸಂಜೆ ಕುರ್ಚಿಗಳು ಗೋಡೆಯಿಂದ ಗೋಡೆಗೆ ಸೇರಿಕೊಂಡು ಕಾಲಿಡಲು ಜಾಗವಿರಲಿಲ್ಲ. ಸೋಫಾದವರು ಟಿವಿಯ ಪಕ್ಕ, ಪ್ಲಗ್ಗಿನ ಹತ್ತಿರ ನಿಂತಿದ್ದರು. "ಮೀಟರ್ ಯಾಕೋ ಸದ್ದು ಮಾಡ್ತಿದೆ, ಒಂದು ಸಲ ಆಫ್ ಮಾಡ್ಲಾ?" ಎಂದರು. "ಕೂತ್ಕೊಳ್ಳೋ ಸುಮ್ನೆ!" ಎಂದು ಅಕ್ಕ ಗದರಿದರು.

ಕಾರ್ಯಕ್ರಮ ಶುರುವಾಯಿತು. ಕಾಂಪೌಂಡರು ಬಂದರು. ಮೇಜು ಗುದ್ದಿದರು. ಕಂಡಕ್ಟರು ಬಂದರು. ಎದೆ ಗುದ್ದಿಕೊಂಡರು. ನಿರೂಪಕಿ ನಕ್ಕಳು. ಹಲ್ಲುಪುಡಿಯ ಜಾಹೀರಾತು ಬಂತು. ಅದು ಮುಗಿದ ಮೇಲೆ ಕಾಂಪೌಂಡರಿಗೆ ಹಾರ ಹಾಕುತ್ತಿದ್ದರು.

ಎಲ್ಲರೂ ಟಿವಿಯ ಕಡೆ ಬಾಗಿದೆವು.

"ಅಗೋ!" ಎಂದು ಕಾರ್ಯದರ್ಶಿ ಎದ್ದರು. "ಹಾರದ ಹಿಂದೆ! ಆ ಭುಜ! ಅದು ಇವರದೇ ಭುಜ!"

"ಹೌದು, ನನ್ನ ತಮ್ಮನ ಭುಜವೇ!" ಎಂದರು ಅಕ್ಕ. "ಸ್ವಲ್ಪ ಇಳಿಜಾರು."

"ಕಂಡಕ್ಟರದೂ ಇಳಿಜಾರೇ," ಎಂದರು ಭಾವ.

ಭುಜದ ವಿಷಯ ಇತ್ಯರ್ಥವಾಗುವ ಮೊದಲೇ ಕಾರ್ಯಕ್ರಮ ಮುಗಿಯಿತು. ಆಮೇಲೆ ಸಿಡಿದದ್ದು ಕೋಪ. "ಅನ್ಯಾಯ! ಇವರನ್ನ ಪೂರ್ತಿ ಕತ್ತರಿಸಿ ಹಾಕಿದಾರೆ!" "ಹಲ್ಲುಪುಡಿ ಕಂಪನಿಯ ಕೈವಾಡ, ಕಾಂಪೌಂಡರಿಗೆ ಕೊಡಿಸಿದಾರೆ!" ಸಂಘದ ಪರವಾಗಿ ಮೆರವಣಿಗೆ ಹೋಗುವುದೆಂದೂ, ಚಾನೆಲ್ಲಿನ ಮುಂದೆ ಎಲ್ಲರೂ ಕುರ್ಚಿ ಹಾಕಿ ಕೂರುವುದೆಂದೂ ಕಾರ್ಯದರ್ಶಿ ಅಲ್ಲೇ ಘೋಷಿಸಿದರು. ದಿನಾ ಸಂಜೆ ಇಲ್ಲೇ ಸಭೆ, ತಿಂಗಳಾದರೂ ಸರಿ, ವರ್ಷವಾದರೂ ಸರಿ!

ಸೋಫಾದವರ ಮುಖವನ್ನು ನಾನು ನೋಡುತ್ತಿದ್ದೆ. ಹಸಿದವನ ಮುಂದೆ ಎಲೆ ಹಾಕಿ ಬಡಿಸಿದ ಹಾಗಿತ್ತು. ಸುಮ್ಮನಿದ್ದಿದ್ದರೆ ಸಾಕಿತ್ತು.

"ಅವರದು ತಪ್ಪಿಲ್ಲ," ಎಂದರು ಸೋಫಾದವರು. "ನಾನೇ ನಂದಲ್ಲ ಅಂದೆ."

"ಏನು?"

"ಆ ಮಾತು ನಂದಲ್ಲ. ಗಡ್ಡದವರು ಯಾರೋ ಏನೋ. ನೀವೆಲ್ಲ ಬರ್ತಿದ್ರಿ, ನಾನು ಹೇಳ್ತಾ ಹೋದೆ. ಕ್ಷಮಿಸಿ."

ಕಾರ್ಯದರ್ಶಿ ಅವರ ಹೆಗಲ ಮೇಲೆ ಕೈಯಿಟ್ಟರು; ಕಣ್ಣಲ್ಲಿ ನೀರಿತ್ತು. "ಪಾಪ, ಹೆದರಿಸಿದಾರೆ ಇವರನ್ನ."

"ಹೆದರಿಸಿಲ್ಲ, ನಿಜವಾಗ್ಲೂ..."

"ನೋಡಿ, ಹೇಗೆ ಹೇಳಿಸ್ತಿದಾರೆ! ಭಾರೀ ಜನ ಅವರು. ಬೇಡಪ್ಪ, ಇವರಿಗೆ ತೊಂದರೆ ಕೊಡೋದು ಬೇಡ. ಇನ್ನು ಈ ವಿಷಯ ಯಾರೂ ಎತ್ತಬೇಡಿ. ಇವರ ಮನೆಗೆ ಬರೋದನ್ನೂ ನಿಲ್ಲಿಸೋಣ. ಕಣ್ಣಿಟ್ಟಿರ್ತಾರೆ."

ಎಲ್ಲರೂ ಮರುಕದಿಂದ ತಲೆಯಾಡಿಸಿ ಕುರ್ಚಿ ಎತ್ತಿಕೊಂಡೆವು. ಭಾವ, "ವಿಳಾಸ ಸಿಕ್ಕಿದ್ರೆ ಫೋನ್ ಮಾಡಿ," ಎಂದರು. ಅಕ್ಕನಿಗೆ ಕಾಲುನೋವು ಮರುಕಳಿಸಿತು. ಚೀಲಕ್ಕೆ ಬಟ್ಟೆ ತುಂಬಿಕೊಂಡು, "ಆಮೇಲೆ ಮಾಡ್ತೀನಿ ಕಣೋ," ಎಂದು ಗಂಡನ ತೋಳು ಹಿಡಿದು ಇಳಿದರು.

ನಾನು ಕೆಳಗೆ ತಲುಪಿದ ಮೇಲೆ ನನ್ನ ಕೈಯಲ್ಲಿದ್ದದ್ದು ಕಾರ್ಯದರ್ಶಿಯ ಕುರ್ಚಿಯೆಂದು ಗೊತ್ತಾಯಿತು. ನನ್ನದನ್ನು ಹುಡುಕಿಕೊಂಡು ಮತ್ತೆ ಮೇಲೆ ಹತ್ತಿದೆ. ಬಾಗಿಲು ತೆರೆದೇ ಇತ್ತು. 'ಕದ್ದು ಕೇಳಿದ್ದು' ಎನ್ನಬೇಡಿ. ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದೆ.

ಟಿವಿ ಆರಿತ್ತು. ಸೋಫಾದವರು ಟೀ ಲೋಟಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿಡುತ್ತಿದ್ದರು. ಹೆಡ್‌ಮಿಸ್ಸು ತಮ್ಮ ಜಾಗದಿಂದ ಎದ್ದೇ ಇರಲಿಲ್ಲ.

"ನಾನು ಹೇಳಿದ್ದು ನಿಜ ಮೇಡಂ. ಯಾರೂ ಹೆದರಿಸಿಲ್ಲ."

"ಗೊತ್ತು. ಲಿಫ್ಟಲ್ಲೇ ಗೊತ್ತಿತ್ತು."

ಒಂದು ಲೋಟ ತಟ್ಟೆಗೆ ತಾಗಿದ ಸದ್ದಾಯಿತು.

"ಗೊತ್ತಿದ್ದೂ ದಿನಾ ಬಂದ್ರಾ?"

ಹೆಡ್‌ಮಿಸ್ಸು ಎದ್ದು, ಕುರ್ಚಿ ಮಡಿಸಿ, ಎದುರಿನ ತಮ್ಮ ಮನೆಯ ಕತ್ತಲೆಯ ಕಡೆ ಒಮ್ಮೆ ನೋಡಿದರು.

"ನಾಳೆಯಿಂದ ಹೇಳೋಕೆ ಏನೂ ಇಲ್ಲ ಮೇಡಂ," ಎಂದರು ಸೋಫಾದವರು. "ಗಡ್ಡವೂ ಇಲ್ಲ, ಏನೂ ಇಲ್ಲ."

"ಸರಿ," ಎಂದರು ಹೆಡ್‌ಮಿಸ್ಸು. "ಏಳು ಗಂಟೆಗೆ ಬರ್ತೀನಿ."